ಪ್ಯಾಂಡಾಕ್‌ನಲ್ಲಿ ಕನ್ನಡ ಪಿಡಿಎಫ್: ಫಾಂಟ್ ಒಂದು ಸರಿ ಮಾಡಿಕೊಳ್ಳಿ

ನಮ್ಮ ಊರಿನ ಅಡಿಕೆ ಬೆಳೆಗಾರರ ಸಂಘದ ವಾರ್ಷಿಕ ವರದಿ ಸಿದ್ಧ ಮಾಡೋದು ನನ್ನ ಪಾಲಿನ ಕೆಲಸ. ಅದಕ್ಕೆ ಈಗ ಪ್ಯಾಂಡಾಕ್ (ಒಂದು ಬಗೆಯ ಫೈಲನ್ನು ಇನ್ನೊಂದಕ್ಕೆ ಬದಲಿಸೋ ಸಾಫ್ಟ್‌ವೇರ್) ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ. ಮಾರ್ಕ್‌ಡೌನ್‌ನಲ್ಲಿ, ಅಂದರೆ ತಲೆಬರಹ, ಬೋಲ್ಡ್‌ಗೆಲ್ಲ ಸಣ್ಣ ಗುರುತು ಹಾಕಿದ ಸಾದಾ ಪಠ್ಯದಲ್ಲಿ, ಬರೆದು ಒಂದು ಕಮಾಂಡ್ ಕೊಟ್ಟರೆ ಪಿಡಿಎಫ್ ಕೈಗೆ ಬರುತ್ತದೆ. ಜಾನ್ ಮ್ಯಾಕ್‌ಫಾರ್ಲೇನ್ ಅನ್ನೋ ತತ್ವಶಾಸ್ತ್ರದ ಪ್ರೊಫೆಸರ್ 2006ರಲ್ಲಿ ಶುರು ಮಾಡಿದ್ದು ಈ ಪ್ಯಾಂಡಾಕ್, ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ನೆಟ್ ಕೂಡ ಬೇಡ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಸುಮ್ನೆ ಹಾಗೇ ಓಡಿಸಿದರೆ ಕನ್ನಡ ಬರೋದಿಲ್ಲ. ಪಿಡಿಎಫ್ ಮಾಡಿಕೊಡೋಕೆ ಅದು ತಾನಾಗಿ ಬಳಸೋ ಪಿಡಿಎಫ್‌ಲೇಟೆಕ್ ಅನ್ನೋ ಎಂಜಿನ್ ಕನ್ನಡ ಅಕ್ಷರ ಕಂಡ ಕೂಡಲೇ ಎರರ್ ಕೊಟ್ಟು ನಿಲ್ಲುತ್ತದೆ. ಎಂಜಿನ್ ಬದಲಿಸಿ, ಎಕ್ಸ್‌ನಿಂದ ಶುರುವಾಗೋ ಝೀಲೇಟೆಕ್ (xelatex) ಹಾಕಿ. ಅಷ್ಟಕ್ಕೇ ಬಿಟ್ಟರೆ ಪಿಡಿಎಫ್ ಏನೋ ಬರುತ್ತದೆ, ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ, ಯಾಕೆಂದರೆ ಅದರ ಮಾಮೂಲಿ ಫಾಂಟಿನಲ್ಲಿ ನಮ್ಮ ಅಕ್ಷರಗಳೇ ಇಲ್ಲ. ಫೈಲಿನ ಮೇಲ್ಗಡೆ, ಮೂರು ಮೂರು ಡ್ಯಾಶ್ ಇರೋ ಎರಡು ಸಾಲಿನ ನಡುವೆ, ಮೇನ್‌ಫಾಂಟ್ ಅಂತ ಬರೆದು ಮುಂದೆ ನೋಟೋ ಸೆರಿಫ್ ಕನ್ನಡ ಅಂತ ಕೊಡಿ (mainfont: Noto Serif Kannada, ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ). ಅದರ ಕೆಳಗಿನ ಸಾಲಿನಲ್ಲಿ ಲಿಪಿ ಕನ್ನಡ ಅಂತಲೂ ಹೇಳಿ (mainfontoptions: Script=Kannada). ಈಗ 'ತೀರ್ಥಹಳ್ಳಿ' ಅಂತ ಬರೆದು ನೋಡಿ. ಅರ್ಕಾವತ್ತು 'ಥ'ದ ಬಲಕ್ಕೆ, ಒತ್ತು 'ಳಿ'ಯ ಕೆಳಗೆ, ಎರಡೂ ಅದರದರ ಜಾಗದಲ್ಲೇ ಕೂತಿರುತ್ತವೆ. ಲುವಾಲೇಟೆಕ್ ಅನ್ನೋ ಇನ್ನೊಂದು ಎಂಜಿನ್ ಬಳಸೋರು, ಅಕ್ಷರ ಜೋಡಿಸೋ ಹಾರ್ಫ್‌ಬಜ್ ರೆಂಡರರ್ ಬೇಕು ಅಂತ ಬೇರೆ ಹೇಳಬೇಕು, ಇಲ್ಲದಿದ್ದರೆ ಒತ್ತಕ್ಷರ ಒಡೆದು ಹೋಗುತ್ತದೆ. ನನ್ನ ಕೇಳಿದರೆ ಝೀಲೇಟೆಕ್ಕೇ ಸಾಕು.

ಅಕ್ಷರದ ಗಾತ್ರದ್ದು ಇನ್ನೊಂದು ಕಿರಿಕಿರಿ. ಮಾಮೂಲಿ ಆರ್ಟಿಕಲ್ ಕ್ಲಾಸಿನಲ್ಲಿ (ಕ್ಲಾಸ್ ಅಂದರೆ ಪುಟದ ವಿನ್ಯಾಸದ ಸಿದ್ಧ ಅಚ್ಚು) 10, 11, 12 ಪಾಯಿಂಟ್ ಮಾತ್ರ. ನಮ್ಮ ಸದಸ್ಯರಲ್ಲಿ ವಯಸ್ಸಾದವರೇ ಜಾಸ್ತಿ, ಅವರಿಗೆ 14 ಬೇಕೇ ಬೇಕು. ಡಾಕ್ಯುಮೆಂಟ್‌ಕ್ಲಾಸ್ ಅನ್ನೋ ಕಡೆ ಎಕ್ಸ್‌ಟಾರ್ಟಿಕಲ್ (extarticle) ಹಾಕಿದರೆ 14, 17, 20ರವರೆಗೂ ಸಿಗುತ್ತದೆ. ಸಾಲುಗಳ ನಡುವಿನ ಅಂತರ ಹೇಳೋ ಲೈನ್‌ಸ್ಟ್ರೆಚ್ 1.3 ಇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗೋದಿಲ್ಲ. ಈ ಫಾಂಟಿಗೆ ಇಟಾಲಿಕ್ ಇಲ್ಲ. ಒತ್ತಿ ಹೇಳೋದಿದ್ದರೆ ಬೋಲ್ಡ್ ಬಳಸಿ, ಅದು ಚೆನ್ನಾಗಿದೆ.

ಈ ಎಂಜಿನ್‌ಗಳೆಲ್ಲ ಬರೋದು ಟೆಕ್ ಲೈವ್ ಅನ್ನೋ ಕಟ್ಟಿನಲ್ಲಿ; ಅದನ್ನು ಪೂರ್ತಿ ಹಾಕಿಕೊಳ್ಳೋಕೆ ಹಲವು ಜಿಬಿ ಇಳಿಸಬೇಕು. ಶಿವಮೊಗ್ಗ ಪೇಟೆಗೆ ಬಂದಾಗ ಒಳ್ಳೆ ನೆಟ್ ಇರೋ ಕಡೆ ಕೂತು ಮುಗಿಸಿಕೊಳ್ಳಿ. ಆಮೇಲೆ ಪ್ರಿಂಟಿಗೆ ಕೊಡುವಾಗ ತಲೆಬಿಸಿ ಇರೋದಿಲ್ಲ. ಫಾಂಟ್ ಪಿಡಿಎಫ್ ಒಳಗೇ ಸೇರಿರುತ್ತದೆ, ಪ್ರೆಸ್‌ನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒಂದಕ್ಷರ ಕದಲುವುದಿಲ್ಲ.