ರೇಸ್ ಬಿಟ್ಟ ಕುದುರೆ: ಕೊಳ್ಳುವ ಮುಂಚಿನ ತಪಾಸಣೆ ಕೊಟ್ಟ ದುಡ್ಡಿಗೆ ತಕ್ಕದ್ದೇ?

ತಕ್ಕದ್ದೇ, ಪೂರ್ತಿ ಮಾಡಿಸಿದರೆ. ರೇಸ್ ಬಿಟ್ಟ ಥರೋಬ್ರೆಡ್ (ರೇಸಿನ ತಳಿಯ ಕುದುರೆ) ಅಗ್ಗಕ್ಕೆ ಸಿಕ್ಕಿತೆಂದರೆ ಮುಂಗಾಲು ಸವರಿ ನೋಡಿ. ಮಂಡಿಯ ಕೆಳಗೆ, ಹಿಂಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಬಿಲ್ಲಿನಂತೆ ಉಬ್ಬಿದ್ದರೆ ಪೆಟ್ಟಾಗಿದೆ. ಮುಟ್ಟಿದರೆ ಬಿಸಿಯಿದ್ದರೆ ಇನ್ನೂ ಮಾಗಿಲ್ಲ. ಬರೀ ಎಕ್ಸ್‌ರೇ ತೆಗೆದು ಕಳಿಸುವ ತಪಾಸಣೆ ಅರ್ಧಂಬರ್ಧ: ಅದರಲ್ಲಿ ಕಾಣುವುದು ಮೂಳೆ, ಟೆಂಡನ್‌ಗೆ ಅಲ್ಟ್ರಾಸೌಂಡೇ ಆಗಬೇಕು. ಪಶುವೈದ್ಯರು ಕೀಲನ್ನು ಸುಮಾರು ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟ ಕೂಡಲೇ ಗಟ್ಟಿ ನೆಲದಲ್ಲಿ ಟ್ರಾಟ್ (ನಡಿಗೆಗಿಂತ ಚುರುಕಾದ ಓಟ) ಓಡಿಸಬೇಕು. ಮುಂಗಾಲು ನೋಯುತ್ತಿದ್ದರೆ ಆ ಕಾಲೂರಿದಾಗ ತಲೆ ಮೇಲೇಳುತ್ತದೆ. ನೋವಿನ ಮದ್ದು ಕೊಟ್ಟು ಕುಂಟು ಮುಚ್ಚಿಡುವವರೂ ಇದ್ದಾರೆ. ಆ ಮದ್ದು ಪತ್ತೆಯಾಗಲು ಅದೇ ದಿನ ರಕ್ತದ ಸ್ಯಾಂಪಲ್ ತೆಗೆಸಿಡಿ. ಗ್ಲಾಂಡರ್ಸ್ ರಿಪೋರ್ಟ್ ಕೈಗೆ ಬರದೆ ಮುಂಗಡ ಕೊಡಬೇಡಿ, ಅದು ಮನುಷ್ಯರಿಗೂ ಅಂಟುವ ರೋಗ. ಮಾಗಿದ ಟೆಂಡನ್ ಸಾದಾ ಸವಾರಿಗೆ ನಡೆದೀತು, ಜಂಪಿಂಗಿಗೆ ಬೇಡ.