ವಿಜಯಪುರದ ಕ್ಯಾಂಪಸ್‌ಗೆ ಯಾವ ಹಸಿರು ಅಳತೆಗೋಲು?

ನಮ್ಮ ಕ್ಯಾಂಪಸ್ ಎಷ್ಟು ಹಸಿರು ಅಂತ ಬೇರೆಯವರ ಜೊತೆ ಹೋಲಿಸಿ ನೋಡಬೇಕೇ? ಎರಡು ಹೆಸರಾಂತ ದಾರಿಗಳಿವೆ. ಒಂದು ಇಂಡೋನೇಷ್ಯಾ ವಿಶ್ವವಿದ್ಯಾಲಯ 2010ರಲ್ಲಿ ಶುರು ಮಾಡಿದ ಯುಐ ಗ್ರೀನ್‌ಮೆಟ್ರಿಕ್. ಇನ್ನೊಂದು ಕಾಲೇಜು, ವಿಶ್ವವಿದ್ಯಾಲಯಗಳನ್ನು ಹಸಿರಾಗಿಸಲು ದುಡಿಯುವ ಅಮೆರಿಕದ ಆಶೆ (AASHE) ಸಂಸ್ಥೆಯ ಸ್ಟಾರ್ಸ್ (STARS).

ಗ್ರೀನ್‌ಮೆಟ್ರಿಕ್ ಸುಲಭ. ಪ್ರಶ್ನಾವಳಿ ತುಂಬಿಸಿ, ಸಾಕ್ಷಿಗೆ ಫೋಟೋ, ದಾಖಲೆ ಕಳಿಸಿದರೆ ವರ್ಷಕ್ಕೊಮ್ಮೆ ರ‍್ಯಾಂಕ್ ಬರುತ್ತದೆ. ಆದರೆ ಬಹುಕಾಲ ನಡೆದ ಅದರ ಅಂಕಗಳ ಲೆಕ್ಕದಲ್ಲಿ ಇಂಧನಕ್ಕೆ 21, ಸಾರಿಗೆಗೆ 18, ನೀರಿಗೆ ಬರೀ 10 ಶೇಕಡಾ! ಆದಿಲ್‌ಶಾಹಿಗಳು ತಾಜ್ ಬಾವಡಿ, ಬೇಗಂ ತಲಾಬ್ ಕಟ್ಟಿ ನೀರು ಕೂಡಿಸಿದ ಊರಿಗೆ ಈ ಲೆಕ್ಕ ಹೊಂದಲ್ಲ ಅಲ್ವಾ?

ಸ್ಟಾರ್ಸ್ ರ‍್ಯಾಂಕ್ ಕೊಡುವುದಿಲ್ಲ. ಅಂಕ ನೋಡಿ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಅನ್ನುತ್ತದೆ. ಅದರ 2.2ನೇ ಆವೃತ್ತಿಯಲ್ಲಿ ನೀರಿನ ಕೊರತೆ ಜಾಸ್ತಿ ಇರುವ ಕಡೆ ನೀರಿನ ಬಳಕೆಗೆ ಸಿಗುವ ಅಂಕವೂ ಜಾಸ್ತಿ. ನನಗೆ ಹಿಡಿಸಿದ್ದು ಇದೇ. ವರದಿಗಳೂ ಎಲ್ಲರಿಗೂ ತೆರೆದಿರುತ್ತವೆ, ಬೇರೆ ಕ್ಯಾಂಪಸ್ ಏನು ಮಾಡಿತು ಅಂತ ಓದಿ ಕಲಿಯಬಹುದು. ಕಷ್ಟ ಅಂದ್ರೆ ಕೆಲಸ ಹೆಚ್ಚು: ಪಾಠದಿಂದ ಹಿಡಿದು ಖರೀದಿ, ಕ್ಯಾಂಟೀನಿನವರೆಗೆ ಎಲ್ಲಕ್ಕೂ ಲೆಕ್ಕ ಬೇಕು.

ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ಹೇಗೂ ಹಸಿರು ಆಡಿಟ್ ಮಾಡಿಸಿದ್ದರೆ ಆ ಕಾಗದಗಳಿಂದ ಗ್ರೀನ್‌ಮೆಟ್ರಿಕ್ ತುಂಬಿಸಿ. ನಿಜವಾಗಿ ಸುಧಾರಿಸಬೇಕೆಂದರೆ ಸ್ಟಾರ್ಸ್‌ನ ನೀರಿನ ಭಾಗ ಓದಿ. ಅದಕ್ಕೂ ಮೊದಲು ಪ್ರತಿ ಬೋರ್‌ವೆಲ್‌ಗೆ ಮೀಟರ್ ಹಾಕಿಸಿ. ಹಾಸ್ಟೆಲ್‌ನದು ಬೇರೆ, ತೋಟದ್ದು ಬೇರೆ.