ಹಳೇ ಕೋಚ್‌ನ ಕರೀಬೇಕಾ, ಹೊಸಬರನ್ನ ತರಬೇಕಾ?

ಫುಟ್‌ಬಾಲ್ ತಂಡ ಸೋಲುತ್ತಾ ಹೋದರೆ ಅಭಿಮಾನಿಗಳಿಗೆ ಮೊದಲು ನೆನಪಾಗೋದು ಹಿಂದೆ ಗೆಲ್ಲಿಸಿದ ಕೋಚ್‌ಗಳೇ. ಆದರೆ ಅವರು ಕ್ಲಬ್ ಬಿಟ್ಟದ್ದು ಹೇಗೆ ಅನ್ನೋದನ್ನ ಮೊದಲು ನೋಡಬೇಕು.

ಕೋಚ್ ಜಿನೆದಿನ್ ಜಿದಾನ್ 2018ರಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಬಿಟ್ಟಾಗ ಸತತ 3 ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ) ಗೆದ್ದಿದ್ದರು. ಅವರನ್ನು ಯಾರೂ ಕಳಿಸಿರಲಿಲ್ಲ. 2019ರ ಮಾರ್ಚ್‌ನಲ್ಲಿ ತಂಡ ಮನೆಯಂಗಳದಲ್ಲೇ ಅಯಾಕ್ಸ್ ಎದುರು 4-1ರಿಂದ ಸೋತ ಮೇಲೆ ವಾಪಸ್ ಬಂದರು. ಮೊದಲ ಪಂದ್ಯಕ್ಕೇ ಮೂಲೆಗುಂಪಾಗಿದ್ದ ನವಾಸ್, ಮಾರ್ಸೆಲೊ, ಇಸ್ಕೊ ಮೂವರನ್ನೂ ಇಳಿಸಿದರು. ಸೆಲ್ಟಾ ವಿರುದ್ಧ 2-0 ಗೆಲುವು, ಒಂದು ಗೋಲು ಇಸ್ಕೊದೇ! ಮುಂದಿನ ಸೀಸನ್‌ನಲ್ಲಿ ಸ್ಪೇನ್‌ನ ಲೀಗ್ ಪ್ರಶಸ್ತಿ ಕೂಡ ಬಂತು. ಆಟಗಾರರು ಅವರಿಗೆ ಗೊತ್ತಿದ್ದವರೇ, ಅದೇ ದೊಡ್ಡ ಅನುಕೂಲ.

ಇಂಗ್ಲೆಂಡ್‌ನ ಚೆಲ್ಸಿ ಕ್ಲಬ್ ಕಥೆ ಬೇರೆ. 2021ರಲ್ಲಿ ತಾನೇ ತೆಗೆದುಹಾಕಿದ್ದ ಕೋಚ್ ಲ್ಯಾಂಪಾರ್ಡ್‌ರನ್ನು 2023ರ ಏಪ್ರಿಲ್‌ನಲ್ಲಿ ತಾತ್ಕಾಲಿಕವಾಗಿ ಕರೆಯಿತು. ಅಷ್ಟರಲ್ಲಿ ಮಾಲೀಕರು ಬದಲಾಗಿದ್ದರು, ತಂಡದ ತುಂಬಾ ಹೊಸ ಮುಖಗಳು. 11 ಪಂದ್ಯಗಳಲ್ಲಿ ಗೆದ್ದದ್ದು 1, ಸೋತದ್ದು 8. ಲೀಗ್‌ನಲ್ಲಿ 12ನೇ ಸ್ಥಾನ.

ಹೊಸಬರಿಗೆ ಸಮಯ ಜಾಸ್ತಿ ಬೇಕು. ಕ್ಲೋಪ್ 2015ರಲ್ಲಿ ಇಂಗ್ಲೆಂಡ್‌ನದೇ ಲಿವರ್‌ಪೂಲ್‌ಗೆ ಕೋಚ್ ಆಗಿ ಬಂದರು. ಮೊದಲ ಸೀಸನ್ 8ನೇ ಸ್ಥಾನ, ಎರಡು ಫೈನಲ್‌ಗಳಲ್ಲಿ ಸೋಲು. ಲೀಗ್ ಗೆದ್ದದ್ದು 2020ರಲ್ಲಿ. ಅಷ್ಟು ಕಾಯೋ ತಾಳ್ಮೆ ಆಡಳಿತಕ್ಕೆ ಇದೆಯಾ?

ನನ್ನ ಮಟ್ಟಿಗೆ, ಹಳಬರು ತಾವಾಗೇ ಬಿಟ್ಟಿದ್ದು, ಅವರ ಆಟಗಾರರು ಇನ್ನೂ ತಂಡದಲ್ಲಿದ್ದರೆ ಕರೆಯಬಹುದು. ಇಲ್ಲದಿದ್ದರೆ ಹೊಸಬರಿಗೆ ಕನಿಷ್ಠ ಎರಡು ಸೀಸನ್ ಕೊಡಿ.